ಡಬ್ಬಿ ದಾಟಿದ ಪೆಟ್ಟುಗಳು

ಭಾವ ಊಟಕ್ಕೆ ಕೂತಾಗಲೆಲ್ಲ ನನ್ನನ್ನು ಕೇಳುತ್ತಿದ್ದುದು ಒಂದೇ. "ಏನಮ್ಮಾ, ನಮ್ಮ ಗೋಡೆ ಹೇಗಿದೆ?" ಅಕ್ಕನ ಗಂಡ, ಅಣುಸ್ಥಾವರದಲ್ಲಿ ಪಾಳಿಯ ಮುಖ್ಯಸ್ಥ. ಗೋಡೆ ಎಂದರೆ ರಿಯಾಕ್ಟರಿನ ಉಕ್ಕಿನ ಗೋಡೆ. ಅದು ಇನ್ನೆಷ್ಟು ವರ್ಷ ಬಾಳುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವಳು ನಾನು. "ಗುಂಡುಕಲ್ಲಿನ ಹಾಗಿದೆ ಭಾವ" ಎನ್ನುತ್ತಿದ್ದೆ. ಗೋಡೆಯ ಯೋಗಕ್ಷೇಮ ಮುಗಿದಿದ್ದರೆ ನನ್ನದನ್ನೂ ಒಂದಿಷ್ಟು ವಿಚಾರಿಸಿ ಎಂದು ಅಕ್ಕ ರೇಗಿಸುತ್ತಿದ್ದಳು.

ಆ ಭಾನುವಾರ ಅಕ್ಕನ ಮನೆಯಲ್ಲಿ ಅದೇ ಪ್ರಶ್ನೆ ಬಂದಾಗ ನಾನು ಕಲಸಿದ ಅನ್ನವನ್ನೇ ಮತ್ತೆ ಕಲಸುತ್ತಿದ್ದೆ.

ಹಿಂದಿನ ದಿನ, ಆಫೀಸಿನ ಡಿಸ್ಕ್ ತುಂಬಿತ್ತೆಂದು ಹಳೆಯ ಕಸ ಅಳಿಸಲು ಕೂತಿದ್ದೆ. ನ್ಯೂಟ್ರಾನ್ ಬಡಿದರೆ ಉಕ್ಕಿನ ಒಂದು ಪರಮಾಣು ಜಾಗ ಬಿಟ್ಟು ಸಿಡಿದು ಅಕ್ಕಪಕ್ಕದವನ್ನೆಲ್ಲ ತಳ್ಳಾಡುತ್ತದೆ. ಹೆಚ್ಚಿನವು ಮತ್ತೆ ಸಾಲಿಗೆ ಬಂದು ನಿಲ್ಲುತ್ತವೆ. ಬಾರದವು ಬಿಟ್ಟ ಖಾಲಿ ಜಾಗಗಳಿಂದ ವರ್ಷಗಳು ಕಳೆದಂತೆ ಉಕ್ಕು ಬಿರುಕು ಬಿಡುವಂತಾಗುತ್ತದೆ. ಇದನ್ನು ನಾವು ಕಂಪ್ಯೂಟರಿನೊಳಗೆ ಒಂದು ಪುಟ್ಟ ಡಬ್ಬಿಯಷ್ಟು ಉಕ್ಕಿನಲ್ಲಿ ನಡೆಸಿ ನೋಡುತ್ತೇವೆ. ಒಂದು ಪೆಟ್ಟಿನ ತಳ್ಳಾಟ ಡಬ್ಬಿಯ ಬಲಗಡೆ ದಾಟಿದರೆ ಕಂಪ್ಯೂಟರ್ ಅದನ್ನು ಎಡಗಡೆಯಿಂದ ಒಳಗೆ ತರುತ್ತದೆ, ಅದು ತನ್ನ ಮೇಲೆ ತಾನೇ ಬಿದ್ದು ಲೆಕ್ಕ ಕೆಡುತ್ತದೆ. ಕೆಟ್ಟ ಲೆಕ್ಕವನ್ನು ಬಿಸಾಡಬೇಕೆಂಬ ನಿಯಮ ಮಾಡಿದವಳು ನಾನೇ. ಅಂದು ಆ ಕಸ ತೆರೆದು ನೋಡಿದರೆ ಬಿಸಾಡಿದವೆಲ್ಲ ದೊಡ್ಡ ಪೆಟ್ಟುಗಳು. ದೊಡ್ಡದಲ್ಲದೆ ಇನ್ಯಾವುದು ಡಬ್ಬಿ ದಾಟೀತು? ಸಣ್ಣವನ್ನಷ್ಟೇ ಉಳಿಸಿಕೊಂಡು, ಸರಾಸರಿ ತೆಗೆದು, ಗೋಡೆ ಗಟ್ಟಿಯೆಂದು ಸಹಿ ಹಾಕಿದ್ದೆ. ಇಷ್ಟೆಲ್ಲ ಓದಿದ ಹೆಂಗಸಿಗೆ ಅಷ್ಟು ಹೊಳೆಯಬಾರದಿತ್ತೇ. ದುರಸ್ತಿಗೆಂದು ನಿಂತಿದ್ದ ರಿಯಾಕ್ಟರ್ ಆ ಸಹಿಯನ್ನು ನಂಬಿ ಸೋಮವಾರ ಶುರುವಾಗುವುದಿತ್ತು, ಭಾವನ ಪಾಳಿಯಲ್ಲೇ.

"ಗುಂಡುಕಲ್ಲು" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎದುರಿಗೇ ಇದ್ದ ನೀರಿನ ಲೋಟಕ್ಕಾಗಿ ಹುಡುಕಾಡಿದೆ. ಇನ್ನೊಮ್ಮೆ ಲೆಕ್ಕ ನೋಡದೆ ಅವರ ಊಟ ಕೆಡಿಸುವುದೇಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಹೆದರಿದ್ದೆ, ಅಷ್ಟೇ. ಭಾವ ಖುಷಿಯಾಗಿ ಇನ್ನೊಮ್ಮೆ ಬಡಿಸಿಕೊಂಡರು.

ಅಲ್ಲಿಂದ ನೇರ ಆಫೀಸಿಗೆ ಹೋಗಿ ದೊಡ್ಡ ಡಬ್ಬಿಯಲ್ಲಿ ಲೆಕ್ಕ ಓಡಿಸಿದೆ. ಬೆಳಿಗ್ಗೆ ಬಂದ ಉತ್ತರವನ್ನು ನಮ್ಮ ಆಫೀಸಿನ ಮುಖ್ಯಸ್ಥರಿಗೆ ತೋರಿಸಿದೆ. ಅವರು, ಅವಸರ ಬೇಡ, ಮೊದಲು ಸಭೆ ಕರೆಯೋಣ ಎಂದರು. ನಾನು ಭಾವನಿಗೆ ಫೋನ್ ಮಾಡಿದೆ.

"ಭಾವ, ಶುರು ಮಾಡ್ಬೇಡಿ. ನನ್ನ ಲೆಕ್ಕ ತಪ್ಪಾಗಿದೆ. ಗೋಡೆ ನಾನು ಹೇಳಿದಷ್ಟು ಗಟ್ಟಿ ಇಲ್ಲ."



"ನಿನ್ನೆ ನಾನು ಕೇಳಿದಾಗ್ಲೇ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಸರಿ, ನಿಲ್ಲಿಸ್ತೀನಿ" ಎಂದು ಫೋನ್ ಇಟ್ಟರು.

ರಿಯಾಕ್ಟರ್ ಶುರುವಾಗಲಿಲ್ಲ. ಸಭೆಯಲ್ಲಿ ಎಲ್ಲರೂ ನನಗೆ ಚೆನ್ನಾಗಿಯೇ ಮಂಗಳಾರತಿ ಮಾಡಿದರು. ಅದು ಅಷ್ಟೇನೂ ನೋಯಲಿಲ್ಲ.

ಮುಂದಿನ ಭಾನುವಾರವೂ ಊಟಕ್ಕೆ ಕರೆದರು. ಭಾವ ಮಗಳ ಪರೀಕ್ಷೆಯ ಬಗ್ಗೆ ಮಾತಾಡಿದರು, ಸೋರುವ ನಲ್ಲಿಯ ಬಗ್ಗೆ ಮಾತಾಡಿದರು, ನನ್ನ ತಟ್ಟೆ ಖಾಲಿಯಾದದ್ದನ್ನು ಕಂಡು ಬಡಿಸಲು ಹೇಳಿದರು. ಕೊನೆಗೆ ಅಕ್ಕನೇ, ಇವತ್ತು ನಿಮ್ಮ ಗೋಡೆಯ ಸುದ್ದಿಯೇ ಇಲ್ಲವಲ್ಲ ಎಂದಳು.

"ಕೇಳಿ ಏನ್ ಮಾಡ್ಲಿ" ಎಂದು ಭಾವ ತಟ್ಟೆ ನೋಡುತ್ತಾ ಊಟ ಮುಂದುವರಿಸಿದರು.

ನನ್ನ ಹತ್ತಿರ ಉತ್ತರವಿತ್ತು. ಈ ಸಲ ನಿಜವಾದದ್ದೇ ಇತ್ತು.