ಮುದ್ದೆಯೊಳಗಿನ ತುಪ್ಪ

ಬಚ್ಚಲುಮನೆಯಲ್ಲಿ ನೀರು ಸುರಿಯುವ ಸದ್ದು ನಿಂತಿತು. ಶಾಲಿನಿ ಗಾಬರಿಯಿಂದ ತುಪ್ಪದ ಡಬ್ಬಿ ಬಗ್ಗಿಸಿದಳು. ಒಲೆಯ ಮೇಲೆ ಬೇಯುತ್ತಿದ್ದ ರಾಗಿ ಹಿಟ್ಟಿಗೆ ದಿನಕ್ಕಿಂತ ಹೆಚ್ಚೇ ಬಿತ್ತು. ಡಬ್ಬಿಯನ್ನು ಅಕ್ಕಿ ಡ್ರಮ್ಮಿನ ಹಿಂದಕ್ಕೆ ತಳ್ಳಿ, ಪಾತ್ರೆಯನ್ನು ಇಕ್ಕಳದಲ್ಲಿ ಒತ್ತಿ ಹಿಡಿದು, ಕೋಲಿನಿಂದ ರಭಸವಾಗಿ ತಿರುವತೊಡಗಿದಳು. ಹಿಟ್ಟಿನ ಮೇಲಿನ ಹೊಳಪು ಅಡಗಿತು. ಆದರೆ ವಾಸನೆ? ಕಿಟಕಿ ತೆರೆದು, ಸಾರಿನ ಒಗ್ಗರಣೆಗೆ ಇನ್ನೊಂದಿಷ್ಟು ಬೆಳ್ಳುಳ್ಳಿ ಜಜ್ಜಿ ಹಾಕಿದಳು.

ರಘು ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಬಂದು ನೆಲದ ಮೇಲೆ ಕೂತ. ಪಾರ್ಕಿನಲ್ಲಿ ನಡೆದು ಬಂದವನ ಮುಖ ಇನ್ನೂ ಕೆಂಪಗಿತ್ತು.

"ಇವತ್ತು ಆ ಚಕ್ರ ತಿರುಗ್ಸೋದು, ಕಾಲಲ್ಲಿ ತಳ್ಳೋದು, ಎಲ್ಲಾ ಮಾಡ್ದೆ" ಎಂದ. "ಈ ಸಲ ಇಳೀಲೇಬೇಕು."

"ಇಳಿಯುತ್ತೆ ಬಿಡಿ" ಎನ್ನುತ್ತ ಅವಳು ತಟ್ಟೆ ಮುಂದಿಟ್ಟಳು. ಅವನು ಮುದ್ದೆ ಮುರಿದು, ಹುರುಳಿಕಾಳಿನ ಸಾರಿನಲ್ಲಿ ಹೊರಳಿಸಿ ನುಂಗಿದ. ಅವನ ಗಂಟಲು ಏರಿ ಇಳಿಯುವುದನ್ನು ಅವಳು ನೋಡುತ್ತ ನಿಂತಳು. ಒಂದು ಕ್ಷಣ ಅವನ ಕೈ ತಡೆದಂತಾಯಿತು. ಅವನು ಇನ್ನೊಂದು ತುತ್ತು ಮುರಿದ.

ತಲೆಯ ಮೇಲೆ ಯಾರೋ ಕಾಲೆಳೆದುಕೊಂಡು ನಡೆದ ಸದ್ದಾಯಿತು. ಮೇಲಿನ ಮನೆಯಲ್ಲಿ ರಘುವಿನ ಅಣ್ಣ ಕೆಂಪರಾಜು ಹಾಸಿಗೆಯಿಂದ ಬಚ್ಚಲಿಗೆ ಹೋಗುತ್ತಿದ್ದ. ಅವನ ಲಿವರ್ ಕೆಟ್ಟು ಹೋಗಿತ್ತು. ಕುಡಿತದಿಂದಲ್ಲ, ಯಾವಾಗಲೋ ಹೊಕ್ಕು ವರ್ಷಗಟ್ಟಲೆ ಅಡಗಿ ಕೂತಿದ್ದ ಕಾಮಾಲೆಯ ವೈರಸ್ಸಿನಿಂದ. ಹೊಟ್ಟೆಯಲ್ಲಿ ನೀರು ತುಂಬಿ ತುಂಬಿ ಬರುತ್ತಿತ್ತು. ಮನೆಯಲ್ಲಿ ಯಾರಾದರೂ ತಮ್ಮ ಲಿವರಿನ ತುಂಡು ಕೊಟ್ಟರೆ ಮಾತ್ರ ಉಳಿಯುತ್ತಾನೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ತಾಯಿಗೆ ವಯಸ್ಸು ಮೀರಿತ್ತು, ಅವನ ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ಹೊಂದಿದ್ದು ರಘುವಿನದು ಮಾತ್ರ. ಆದರೆ ರಘುವಿನ ಲಿವರಿನಲ್ಲೇ ಕೊಬ್ಬು ಕೂತಿತ್ತು. ತಿಲಕ್ ನಗರದ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ದಿನವಿಡೀ ಕೂತೇ ಕೆಲಸ ಮಾಡುವ ಮೈ ಅದು. ಮೊದಲು ತೂಕ ಇಳಿಸಿ, ಆಮೇಲೆ ಬನ್ನಿ ಎಂದಿದ್ದರು ಡಾಕ್ಟರು.

ಬಾಡಿಗೆಗೆ ಕೊಟ್ಟಿದ್ದ ಎರಡು ಮನೆಗಳಿಂದ ಬರುವುದೆಲ್ಲ ಆಸ್ಪತ್ರೆಗೇ ಹೋಗುತ್ತಿದ್ದ ಕಾಲ. ಜಿಮ್ಮಿಗೆ ಸೇರುವ ಮಾತೇ ಇರಲಿಲ್ಲ. ಓಟ್ಸು, ಬ್ರೊಕೊಲಿ, ಆಲಿವ್ ಎಣ್ಣೆ ಎಂದೆಲ್ಲ ಆಸ್ಪತ್ರೆಯಲ್ಲಿ ಊಟದ ಪಟ್ಟಿ ಬರೆದುಕೊಡುವ ಹುಡುಗಿ ಹೇಳುತ್ತಿದ್ದಾಗ ರಘು ನಕ್ಕು, "ಮೇಡಂ, ರಾಗಿ, ಹುರುಳಿ, ಸೊಪ್ಪು ನಡೆಯುತ್ತಾ ಹೇಳಿ" ಎಂದಿದ್ದ. "ಇನ್ನೂ ಒಳ್ಳೇದು ಸಾರ್, ಎಣ್ಣೆ ತುಪ್ಪ ಮಾತ್ರ ಬೇಡ" ಎಂದಿದ್ದಳು ಅವಳು. ಪಾರ್ಕಿನಲ್ಲಿ ಪಾಲಿಕೆಯವರು ನೆಟ್ಟಿದ್ದ ಕಬ್ಬಿಣದ ಯಂತ್ರಗಳೇ ಅವನ ಜಿಮ್ಮಾದವು.

ಊಟ ಮುಗಿಯುವ ಹೊತ್ತಿಗೆ ಅತ್ತೆ ಮಂಗಮ್ಮ ಮಹಡಿಯಿಂದ ಇಳಿದು ಬಂದರು. ಬಾಗಿಲಲ್ಲೇ ನಿಂತು, "ಏನ್ಲಾ ಮಗಾ, ಇಳೀತಾ?" ಎಂದರು. ದಿನವೂ ಅವರು ಕೇಳುತ್ತಿದ್ದುದು ಇದೊಂದೇ ಮಾತು.

"ನಾಳಿದ್ದು ಆಸ್ಪತ್ರೇಲಿ ನೋಡ್ತಾರಲ್ಲಮ್ಮಾ" ಎಂದು ರಘು ಕೈ ತೊಳೆಯಲು ಎದ್ದ.

ಮಂಗಮ್ಮ ಸೊಸೆಯ ಕಡೆ ತಿರುಗಿದರು. "ಎಲ್ಲಾ ನಿನ್ ಕೈಯಾಗೇ ಐತೆ ಕಣವ್ವಾ. ಅವ್ನು ನಡ್ದಿದ್ದು ಎಷ್ಟೋ, ನೀನು ಬೇಯ್ಸಿ ಹಾಕಿದ್ದೂ ಅಷ್ಟೇಯ."

ಶಾಲಿನಿ ತಲೆಯಾಡಿಸಿದಳು. ಅವರು ಹೋದ ಮೇಲೆ ಪಾತ್ರೆಯನ್ನು ಸೋಪು ಹಾಕಿ ಎರಡು ಸಲ ಉಜ್ಜಿದಳು.

ಮೊದಮೊದಲು ಅವಳು ಪ್ರಾಮಾಣಿಕವಾಗಿಯೇ ಬೇಯಿಸಿ ಹಾಕಿದ್ದಳು. ತೂಕವೂ ಇಳಿದಿತ್ತು. ಆಮೇಲೊಂದು ದಿನ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು, ಪೆನ್ನಿನ ತುದಿಯಿಂದ ತಮ್ಮದೇ ಹೊಟ್ಟೆಯ ಮೇಲೆ ಗೆರೆ ಎಳೆದು, ಎಲ್ಲಿಂದ ಎಲ್ಲಿಯವರೆಗೆ ಕೊಯ್ಯುತ್ತೇವೆ ಎಂದು ತೋರಿಸಿದರು. ಅರ್ಧಕ್ಕಿಂತ ಹೆಚ್ಚು ತೆಗೆಯುತ್ತೇವೆ, ಮತ್ತೆ ಬೆಳೆಯುತ್ತದೆ ಎಂದರು. "ಕೊಡುವವರಿಗೂ ಸ್ವಲ್ಪ ರಿಸ್ಕ್ ಇದ್ದೇ ಇದೆ. ಸಾವಿರ ಜನದಲ್ಲಿ ಇಬ್ಬರೋ ಮೂವರೋ ಉಳಿಯಲ್ಲ. ಅದನ್ನ ಮುಚ್ಚಿಡಬಾರದು, ಅದಕ್ಕೇ ಹೇಳ್ತಿದ್ದೀನಿ." ರಘು ಯಾರೋ ಕೆಟ್ಟ ಮೋಟಾರಿನ ಬಗ್ಗೆ ಹೇಳುತ್ತಿದ್ದಾರೇನೋ ಎಂಬಂತೆ ಕೇಳಿಸಿಕೊಂಡ. ಶಾಲಿನಿಗೆ ಆ ಇಬ್ಬರು ಮೂವರ ಹೆಂಡಿರು ಕಣ್ಣ ಮುಂದೆ ಬಂದರು. ಅವರೂ ಹೀಗೇ ಇಂಥದೇ ಕುರ್ಚಿಯಲ್ಲಿ ಕೂತಿದ್ದಿರಬೇಕು. ಅಂದು ಸಂಜೆ, ಶಾಲೆಯಿಂದ ಬಂದ ಮಗಳು ಸಿರಿ ಅಪ್ಪನ ಹೆಗಲೇರಿ, "ಅಪ್ಪಾ, ನಿನ್ ಹೊಟ್ಟೆ ಸಣ್ಣ ಆಯ್ತು!" ಎಂದು ಚಪ್ಪಾಳೆ ತಟ್ಟಿದಳು. ಮಾರನೇ ದಿನ ಶಾಲಿನಿ ಮೊದಲ ಚಮಚ ತುಪ್ಪ ಹಾಕಿದಳು.

ಎರಡು ದಿನ ಕಳೆದು ಆಸ್ಪತ್ರೆಗೆ ಹೋದಾಗ ಡಾಕ್ಟರು ಸ್ಕ್ಯಾನ್ ನೋಡಿ ಕನ್ನಡಕ ತೆಗೆದರು. "ಇಳೀತಿದ್ದದ್ದು ನಿಂತಿದೆ. ಸ್ವಲ್ಪ ಏರಿದೆ ಕೂಡ. ಏನ್ ರಘು, ಹೊರಗಡೆ ತಿಂತೀರಾ?"

"ಇಲ್ಲ ಡಾಕ್ಟ್ರೇ."

"ಇನ್ನು ಮೂರು ವಾರ ನೋಡೋಣ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಬೇರೆ ದಾರಿ ಯೋಚನೆ ಮಾಡಿ. ನಿಮ್ಮಣ್ಣಂಗೆ ಅದಕ್ಕಿಂತ ಹೆಚ್ಚು ಟೈಮ್ ಇಲ್ಲ."

ಬಸ್ಸಿನಲ್ಲಿ ರಘು ಕಿಟಕಿಯಾಚೆ ನೋಡುತ್ತ ಕೂತ. ಬಿಳೇಕಹಳ್ಳಿ ಸ್ಟಾಪಿನಲ್ಲಿ ಇಳಿದಾಗ ಶಾಲಿನಿ, "ರೀ, ಆಗದೇ ಇದ್ರೆ ಆಗಲ್ಲ. ನೀವೇನ್ ಮಾಡೋಕಾಗುತ್ತೆ?" ಎಂದಳು. ಅವನು ಅವಳ ಮುಖವನ್ನೊಮ್ಮೆ ನೋಡಿ, ಬೇಗ ಬೇಗ ಮುಂದೆ ನಡೆದ.

ಅಂದಿನಿಂದ ಅವನು ನಡೆಯುವುದನ್ನು ಬಿಟ್ಟು ಓಡತೊಡಗಿದ. ಮಧ್ಯಾಹ್ನದ ಊಟದ ಡಬ್ಬಿ ಒಯ್ಯುವುದನ್ನು ನಿಲ್ಲಿಸಿದ. ಅಂಗಡಿ ಮುಚ್ಚಿ ಬಂದವನು ಮನೆಯೊಳಗೂ ಬಾರದೆ ಪಾರ್ಕಿಗೆ ಹೋಗುತ್ತಿದ್ದ. ಅವನು ಮನೆಯಲ್ಲಿ ತಿನ್ನುತ್ತಿದ್ದದ್ದು ಬೆಳಗಿನ ಮುದ್ದೆಯೊಂದನ್ನೇ. ಶಾಲಿನಿ ಅದಕ್ಕೆ ಇನ್ನಷ್ಟು ತುಪ್ಪ ಬೆರೆಸಿದಳು. ಈಗ ಅವಳ ಭಯ ಎರಡು ಕವಲಾಗಿತ್ತು: ಇಳಿದರೆ ಕತ್ತಿ, ಇಳಿಯದಿದ್ದರೆ ಈ ಓಟ.

ಭಾನುವಾರ ಬೆಳಿಗ್ಗೆ ರಘುವಿನ ಫೋನಿನಿಂದಲೇ ಕರೆ ಬಂತು. ಮಾತಾಡಿದ್ದು ಬೇರೆ ದನಿ. "ಅಮ್ಮಾ, ನಾನು ಬೈಲಪ್ಪ ಅಂತ, ದಿನಾ ವಾಕಿಂಗ್ ಬರೋನು. ನಿಮ್ಮೆಜಮಾನ್ರು ಪಾರ್ಕಲ್ಲಿ ಬಿದ್ಬಿಟ್ಟವ್ರೆ. ಬೇಗ ಬನ್ನಿ."

ಅವಳು ಚಪ್ಪಲಿ ಹಾಕಿಕೊಳ್ಳದೆ ಓಡಿದಳು. ಚಕ್ರದ ಯಂತ್ರದ ಪಕ್ಕ ಏಳೆಂಟು ಜನ ಕಾಲುಗಳ ಗೋಡೆಯಂತೆ ನಿಂತಿದ್ದರು. ಅವರ ನಡುವೆ ತೂರಿಕೊಂಡು ಹೋಗುವ ಆ ಸ್ವಲ್ಪ ಹೊತ್ತಿನಲ್ಲಿ ಎಲ್ಲ ಮುಗಿದೇಹೋಯಿತು ಎಂದುಕೊಂಡಳು. ರಘು ಸಿಮೆಂಟ್ ಬೆಂಚಿಗೆ ಒರಗಿ ನೆಲದ ಮೇಲೆ ಕೂತಿದ್ದ. ಕಣ್ಣು ತೆರೆದಿತ್ತು. ತುಟಿ ಬೂದಿ ಬಣ್ಣವಾಗಿತ್ತು. ಯಾರೋ ತಲೆಗೆ ನೀರು ಸುರಿದಿದ್ದರು.

"ಏನಿಲ್ಲ ಕಣೇ, ತಲೆ ಸುತ್ತು" ಎಂದ.

"ಖಾಲಿ ಹೊಟ್ಟೇಲಿ ಈ ಪಾಟಿ ಓಡ್ತಾರಾ ಯಾರಾದ್ರೂ?" ಎಂದರು ಬಾಟಲಿ ಹಿಡಿದಿದ್ದ ಬೈಲಪ್ಪ. "ಏನ್ ನಾಯಿ ಅಟ್ಟಿಸ್ಕೊಂಡ್ ಬರ್ತಿತ್ತಾ?"

ಆಟೋದಲ್ಲಿ ಅವನನ್ನು ಕರೆತಂದು ಮಲಗಿಸಿ, ನಿಂಬೆಹಣ್ಣು ತರಲೆಂದು ಹೊರಗೆ ಬಂದಾಗ ಮಹಡಿಯ ಮೆಟ್ಟಿಲ ಮೇಲೆ ಕೆಂಪರಾಜು ಕೂತಿರುವುದು ಕಂಡಿತು. ಅರ್ಧ ಇಳಿದು, ಮುಂದೆ ಇಳಿಯಲಾಗದೆ ಕಂಬಿ ಹಿಡಿದು ಕೂತಿದ್ದ. ಕೈಕಾಲು ಕಡ್ಡಿಯಾಗಿದ್ದವು; ಹೊಟ್ಟೆ ಮಾತ್ರ ಉಬ್ಬಿ ಲುಂಗಿಯ ಮೇಲೆ ನಿಂತಿತ್ತು. ಕಣ್ಣು ಅರಿಸಿನದಲ್ಲಿ ಅದ್ದಿದಂತಿತ್ತು.

"ಬಿದ್ನಂತಲ್ಲಮ್ಮಾ" ಎಂದ.

"ಈಗ ಪರವಾಗಿಲ್ಲ ಭಾವ. ನೀವ್ಯಾಕೆ ಇಳಿಯೋಕ್ ಹೋದ್ರಿ?"

"ನೋಡಮ್ಮ ಶಾಲಿನಿ, ಅವನಿಗೆ ಹೇಳು, ಓಡೋದ್ ಬೇಡ ಅಂತ. ಆಗಲ್ಲ ಅಂದ್ರೆ ಆಗಲ್ಲ. ನನ್ನ ಕಾಲ ಹೆಂಗೋ ಮುಗೀತು. ನಾನೇನೂ ಅಂದ್ಕೊಳ್ಳಲ್ಲ." ಉಸಿರು ಎಳೆದುಕೊಳ್ಳಲು ನಿಲ್ಲಿಸಿದ. ಅವಳು ನೆಲ ನೋಡುತ್ತ ನಿಂತಳು. ಅವನ ಕೈ ಕಂಬಿಯನ್ನು ಬಿಗಿಯಾಗಿ ಹಿಡಿಯಿತು. "ಸುಳ್ಳು ಕಣಮ್ಮ" ಎಂದ. "ನಾನೀಗ ಹೇಳಿದ್ದೆಲ್ಲ ಸುಳ್ಳು. ನಂಗೆ ಭಯ ಆಗ್ತೈತೆ. ನಂಗೆ ಬದುಕ್ಬೇಕು."

ಅವಳು ಅವನ ತೋಳು ಹಿಡಿದು ಎಬ್ಬಿಸಿ, ಒಂದೊಂದೇ ಮೆಟ್ಟಿಲು ಹತ್ತಿಸಿ ಮೇಲಕ್ಕೆ ಬಿಟ್ಟು ಬಂದಳು. ಕಾಗದದಂಥ ಆ ಚರ್ಮದ ಸ್ಪರ್ಶ ಅವಳ ಅಂಗೈಗೆ ಅಂಟಿಕೊಂಡೇ ಉಳಿಯಿತು.

ಅಡುಗೆಮನೆಗೆ ಹೋಗಿ, ಅಕ್ಕಿ ಡ್ರಮ್ಮಿನ ಹಿಂದಿನಿಂದ ಡಬ್ಬಿ ತೆಗೆದು ತಂದು ರಘುವಿನ ಹಾಸಿಗೆಯ ಪಕ್ಕ ಇಟ್ಟಳು.

"ದಿನಾ ನಿಮ್ಮ ಮುದ್ದೆಗೆ ಇದನ್ನ ಹಾಕ್ತಿದ್ದೆ" ಎಂದಳು. "ನೀವು ಇಳೀಬಾರ್ದು ಅಂತ. ಬೈಯೋ ಹಾಗಿದ್ರೆ ಬೈರಿ, ಹೊಡೆಯೋ ಹಾಗಿದ್ರೆ ಹೊಡೀರಿ."

ರಘು ಡಬ್ಬಿಯ ಕಡೆ ನೋಡಲೇ ಇಲ್ಲ. ತಿರುಗುವ ಫ್ಯಾನನ್ನೇ ನೋಡುತ್ತ ಮಲಗಿದ್ದ.

"ಗೊತ್ತು" ಎಂದ.

ಅವಳಿಗೆ ಅರ್ಥವಾಗಲಿಲ್ಲ.

"ಮೊದಲನೇ ದಿನಾನೇ ಗೊತ್ತಾಯ್ತು. ಅಮ್ಮ ತುಪ್ಪ ಹಾಕಿದ್ ಮುದ್ದೆ ತಿಂದೇ ಬೆಳೆದೋನು ನಾನು. ಅದು ಗಂಟಲಲ್ಲಿ ಇಳಿಯೋ ಥರಾನೇ ಬೇರೆ."

"ಮತ್ತೆ ಯಾಕ್ರೀ ಹೇಳ್ಲಿಲ್ಲ?"

ಅವನು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ.

"ಹೇಳಿದ್ರೆ ನೀನು ನಿಲ್ಲಿಸ್ಬಿಡ್ತಿದ್ದೆ."

ಆಮೇಲೆ ಗೋಡೆಯ ಕಡೆ ಹೊರಳಿದ. "ಬೆಳಿಗ್ಗೆ ತಿನ್ನೋದು, ತಿಂದಿದ್ದಕ್ಕೆ ನಾಚ್ಕೆಯಾಗಿ ಸಾಯಂಕಾಲ ಓಡೋದು. ಅಪ್ಪ ಸತ್ತಾಗ ನಂಗೆ ಮೀಸೆ ಕೂಡ ಬಂದಿರ್ಲಿಲ್ಲ ಶಾಲಿನಿ. ಅಂಗಡಿ ಹಾಕ್ಕೊಟ್ಟೋನು ಅಣ್ಣ. ಮದುವೆ ಮಾಡ್ದೋನು ಅವ್ನು. ನಾನು ಮಾತ್ರ ಮುದ್ದೆ ನುಂಗ್ಕೊಂಡು ಸುಮ್ನಿದ್ದೆ."

ತಲೆಯ ಮೇಲೆ ಕಾಲೆಳೆಯುವ ಸದ್ದು ಶುರುವಾಯಿತು. ಇಬ್ಬರೂ ಅದನ್ನೇ ಕೇಳಿದರು. ಅದು ನಡುವೆ ನಿಂತಿತು. ಮತ್ತೆ ಶುರುವಾಯಿತು.

"ಡಬ್ಬಿ ಅಮ್ಮಂಗೆ ಕೊಟ್ಬಿಡು" ಎಂದ ರಘು. "ದೀಪಕ್ಕೆ ಆಗುತ್ತೆ."

ಮಹಡಿಯ ಮೇಲೆ ಮಂಗಮ್ಮ ಡಬ್ಬಿ ತೆಗೆದುಕೊಂಡು ಮುಚ್ಚಳ ಬಿಚ್ಚಿ ನೋಡಿದರು. ಮುಕ್ಕಾಲು ಖಾಲಿಯಾಗಿತ್ತು. ಸೊಸೆಯ ಮುಖ ನೋಡಿದರು. ಮೂಲೆಯಲ್ಲಿ ಮಲಗಿದ್ದ ಹಿರಿಮಗನಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದರು: "ನಿನ್ ಜಾಗ್ದಾಗ್ ನಾನಿದ್ರೂ ಇಂಗೇ ಮಾಡ್ತಿದ್ನೇನೋ. ಏನ್ ಮಾಡ್ಲವ್ವಾ, ನಾನು ಇಬ್ರಿಗೂ ತಾಯಿ."

ಮರುದಿನದಿಂದ ಶಾಲಿನಿಯೂ ಪಾರ್ಕಿಗೆ ಹೋದಳು. ಅವನು ಓಡದಂತೆ ನೋಡಿಕೊಳ್ಳುವುದು ಅವಳ ಕೆಲಸ. ಇಬ್ಬರೂ ಒಂದೇ ಹೆಜ್ಜೆಯಲ್ಲಿ ನಡೆಯುತ್ತಿದ್ದರು. ಮಧ್ಯಾಹ್ನದ ಡಬ್ಬಿಗೆ ಮೊಳಕೆಕಾಳು, ಮಜ್ಜಿಗೆ ಹೋದವು. ಮುದ್ದೆ ಬರೀ ರಾಗಿ ಮತ್ತು ನೀರಿನದಾಯಿತು. ತೂಕ ಇಳಿಯಿತು. ಅವನ ಪ್ಯಾಂಟಿನ ಸೊಂಟ ಹಿಡಿದು ಹೊಲಿಯಲು ಅವಳು ಕೂರುತ್ತಿದ್ದಳು. ಹೊಲಿಗೆ ಮುಗಿಸಿ, ದಾರ ಕಚ್ಚಿ ಹರಿದು, ಪ್ಯಾಂಟನ್ನು ಮಡಿಸಿ ಇಡುತ್ತಿದ್ದಳು. ಕೊಟ್ಟಿದ್ದ ಮೂರು ವಾರ ಮುಗಿದಾಗ ಡಾಕ್ಟರು ಸ್ಕ್ಯಾನ್ ನೋಡಿ, "ವೆರಿ ಗುಡ್" ಎಂದಾಗ ಮಂಗಮ್ಮ ಕೈ ಮುಗಿದರು. ಶಾಲಿನಿ ರಘುವಿನ ತೋಳು ಹಿಡಿದುಕೊಂಡಳು. ಅಂಗದಾನಕ್ಕೆ ಅನುಮತಿ ಕೊಡುವ ಸಮಿತಿಯವರು ಅವಳೊಬ್ಬಳನ್ನೇ ಕೂರಿಸಿಕೊಂಡು, "ನಿಮಗೆ ಮನಸ್ಸಿನಿಂದ ಒಪ್ಪಿಗೆ ಇದೆಯಾ ಅಮ್ಮ?" ಎಂದು ಕೇಳಿದರು. "ಭಯ ಇದೆ ಸಾರ್" ಎಂದಳು. ಅವರು ಕಾದರು. "ಒಪ್ಪಿಗೆನೂ ಇದೆ" ಎಂದಳು.

ಆಪರೇಷನ್ ದಿನ ಬೆಳಕು ಹರಿಯುವ ಹೊತ್ತಿಗೆ ರಘುವಿಗೆ ಹಸಿರು ಅಂಗಿ ತೊಡಿಸಿದ್ದರು. ನರ್ಸು ಬಂದು, "ಮೈಮೇಲೆ ಏನೂ ಇರಬಾರದು, ಉಂಗುರ ತೆಗೀರಿ ಅಣ್ಣ" ಎಂದಳು.

ಮದುವೆಯ ಉಂಗುರ. ವರ್ಷಗಳಿಂದ ಬೆರಳಿನ ಮಾಂಸದೊಳಗೆ ಹೂತುಹೋಗಿದ್ದು, ತೆಗೆಯುವ ಯೋಚನೆಯನ್ನೇ ಯಾರೂ ಮಾಡಿರಲಿಲ್ಲ. "ತಡೀರಿ, ಸೋಪು ಹಚ್ಚಬೇಕು" ಎಂದು ಶಾಲಿನಿ ಬಚ್ಚಲಿನ ಕಡೆ ಹೊರಟಳು.

"ಬೇಡ ಬಾ" ಎಂದ ರಘು. ಎಳೆಯುವ ಮೊದಲೇ ಎಂಬಂತೆ ಅದು ಜಾರಿ ಬಂದಿತ್ತು. ಅವಳ ಅಂಗೈಯಲ್ಲಿಟ್ಟು, ಏನೋ ಹೇಳಲು ಹೋದ. ಟ್ರಾಲಿಯವರು ಆಗಲೇ ತಳ್ಳತೊಡಗಿದ್ದರು. ಬಾಗಿಲು ಎರಡು ಸಲ ಬಡಿದುಕೊಂಡು ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಕೆಂಪರಾಜುವನ್ನೂ ಅದರ ಪಕ್ಕದ ಬಾಗಿಲಿನೊಳಗೆ ಕರೆದೊಯ್ದರು. ಅವನ ಹೆಂಡತಿ ಗೋಡೆಗೆ ಹಣೆ ಹಚ್ಚಿ ನಿಂತಳು. ಕುರ್ಚಿಯ ತುದಿಯಲ್ಲಿ ಕೂತ ಮಂಗಮ್ಮ ಒಮ್ಮೆ ಆ ಬಾಗಿಲು, ಒಮ್ಮೆ ಈ ಬಾಗಿಲು ನೋಡುತ್ತಿದ್ದರು.

ಶಾಲಿನಿ ಉಂಗುರವನ್ನು ತನ್ನ ಬೆರಳಿಗೆ ಹಾಕಿಕೊಂಡಳು. ನಿಲ್ಲಲಿಲ್ಲ. ಹೆಬ್ಬೆರಳಿಗೆ ಹಾಕಿಕೊಂಡಳು. ಅಲ್ಲೂ ಅದು ಸಡಿಲವಾಗಿ ತಿರುಗಿತು. ಬೀಳದ ಹಾಗೆ ಹೆಬ್ಬೆರಳನ್ನು ಒಳಗೆ ಮಡಿಸಿ, ಅದರ ಮೇಲೆ ಉಳಿದ ಬೆರಳುಗಳನ್ನು ಮುಚ್ಚಿ, ಮುಷ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.