ಇನ್ನೂರು ಡಿಗ್ರಿಯ ಸುಳಿ

ಚಿಮಟದ ತುದಿ ತಾಗಿದ್ದೇ ತಡ, ಉಗುರಿನಷ್ಟಗಲದ ಆ ಚೂರು ಸಣ್ಣಗೆ ಅಲುಗಿತು. ಅಕ್ಕ ಉಸಿರು ಬಿಗಿಹಿಡಿದು ಮತ್ತೊಮ್ಮೆ ಮುಟ್ಟಿ ನೋಡಿದಳು. ಅನುಮಾನವೇ ಇಲ್ಲ. ಕಿರಿಯ ಸಹೋದ್ಯೋಗಿ ಗುಬ್ಬಿ, ಚೂರು ಅಂಟಿಸುವ ಬೆಳ್ಳಿಯ ಪೇಸ್ಟನ್ನು ಸರಿಯಾಗಿ ಒಣಗಲು ಬಿಟ್ಟಿಲ್ಲ. ಚೂರು ಬಿಸಿತಟ್ಟೆಗೆ ಒಂದು ಮೂಲೆಯಲ್ಲಷ್ಟೇ ಅಂಟಿದೆ. ತಟ್ಟೆ ಇನ್ನೂರು ಡಿಗ್ರಿ ಮುಟ್ಟಿದಾಗ ಚೂರಿಗೆ ನೂರೂ ತಲುಪಿರಲಿಕ್ಕಿಲ್ಲ.

ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಅಕ್ಕ. ಏಳು ವರ್ಷದಿಂದ ಎರಡು ಬಗೆಯ ಆಕ್ಸೈಡುಗಳನ್ನು ಕೆಲವೇ ಪರಮಾಣುಗಳ ದಪ್ಪಕ್ಕೆ, ಒಂದರ ಮೇಲೊಂದು ಪದರವಾಗಿ ಬೆಳೆಸುತ್ತಿದ್ದಳು. ಆ ಪದರಗಳೊಳಗೆ ವಿದ್ಯುತ್ತಿನ ದಿಕ್ಕು ನೇರವಾಗಿ ನಿಲ್ಲದೆ ತಿರುಗಿ ಸುಳಿಯಾಗುತ್ತದೆ. ಸುಳಿ ಮೂಡಿಸುವುದು ಅವಳಿಗೆ ಕರಗತವಾಗಿತ್ತು, ಉಳಿಸಿಕೊಳ್ಳುವುದು ಆಗಿರಲಿಲ್ಲ. ನೂರಿಪ್ಪತ್ತು ಡಿಗ್ರಿ ದಾಟಿತೆಂದರೆ ಎಲ್ಲ ಕದಡಿಹೋಗುತ್ತಿತ್ತು, ತಣಿದ ಮೇಲೂ ಮರಳುತ್ತಿರಲಿಲ್ಲ.

ಗುಬ್ಬಿ ಸೇರಿದ್ದು ಹೋದ ವರ್ಷ. "ಅಕ್ಕಾ, ನಡುವಿನ ಪದರ ಒಂಚೂರು ದಪ್ಪ ಮಾಡಿದ್ರೆ ಹೇಗೆ?" ಎಂದು ಕೇಳಿದ್ದಳು.

"ಅದೆಲ್ಲ ಮಾಡಿ ಬಿಟ್ಟಾಯ್ತು ಕಣೇ."

ಮಾಡಿರಲಿಲ್ಲ. ಗುಬ್ಬಿ ಮಾಡಿದಳು. ಅವಳ ಚೂರಿನಲ್ಲಿ ಸುಳಿಗಳು ಇನ್ನೂರು ಡಿಗ್ರಿಯಲ್ಲೂ ಕದಡಲಿಲ್ಲ.

"ಶುಕ್ರವಾರದ ಸಮ್ಮೇಳನದಲ್ಲಿ ಗುಬ್ಬಿನೇ ಮಾತಾಡ್ಲಿ," ಎಂದಿದ್ದರು ಪ್ರಯೋಗಾಲಯ ನಡೆಸುವ ಮೇಷ್ಟ್ರು. "ನಿಂಗೇನೂ ಬೇಜಾರಿಲ್ವಲ್ಲ?"

"ಅಯ್ಯೋ, ನಂಗ್ಯಾಕೆ ಸಾರ್ ಬೇಜಾರು?"

ಈಗ ಗೋಡೆಯಾಚೆ ಅವರಿಬ್ಬರೂ ಕೂತು ಭಾಷಣದ ಚಿತ್ರಗಳನ್ನು ತಿದ್ದುತ್ತಿದ್ದರು. ಮೇಷ್ಟ್ರು ಜೋರಾಗಿ ನಕ್ಕರು. ತನ್ನೆದುರು ಹೀಗೆ ನಕ್ಕಿದ್ದು ಯಾವಾಗ ಎಂದು ಅಕ್ಕ ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

ಅವಳು ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಿದಳು. ಎರಡು ಗಂಟೆ ಒಣಗಿಸಿ ಚಿಮಟದಿಂದ ತಳ್ಳಿದಳು. ಚೂರು ಜಪ್ಪಯ್ಯ ಅನ್ನಲಿಲ್ಲ. ಸುಳಿ ಕದಡಿದ ಒಂದೇ ಒಂದು ಚಿತ್ರ ಸಾಕು. ಬಾಯಿಬಿಡದೆ ಮೇಷ್ಟ್ರ ಮೇಜಿನ ಮೇಲಿಟ್ಟು ಬರುವುದು. 'ಹಾಗಾದ್ರೆ ನೀನೇ ಮಾತಾಡು' ಎಂದು ಅವರೇ ಅನ್ನುತ್ತಾರೆ. ಭಾಷಣದ ಮೊದಲ ವಾಕ್ಯ ಕೂಡ ಅವಳಿಗೆ ಸಿದ್ಧವಿತ್ತು.

ನೂರೈವತ್ತು. ನೂರ ಎಂಬತ್ತು. ಇನ್ನೂರು. ಸೂಕ್ಷ್ಮದರ್ಶಕದ ಸೂಜಿ ಚೂರಿನ ಮೇಲೆ ಹರಿದಂತೆ ತೆರೆಯ ಮೇಲೆ ಗೆರೆ ಗೆರೆಯಾಗಿ ಚಿತ್ರ ಇಳಿಯತೊಡಗಿತು. ಸುಳಿಗಳು ಸಾಲು ತಪ್ಪದೆ ನಿಂತಿದ್ದವು. ಅಕ್ಕ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಆಗಲೂ ನಿಂತಿದ್ದವು.

ಅಂಥ ಚೂರು ಇದ್ದದ್ದು ಅದೊಂದೇ. ಇನ್ನೂರಕ್ಕೆ ನಿಲ್ಲಿಸಬೇಕಿತ್ತು. ಪರೀಕ್ಷೆ ಅಂದಮೇಲೆ ಪೂರ್ತಿ ಮಾಡಬೇಕಲ್ಲ, ಅಂದುಕೊಂಡು ಬಿಸಿ ಏರಿಸುವ ಗುಂಡಿ ತಿರುಗಿಸಿದಳು. ಇನ್ನೂರ ಇಪ್ಪತ್ತು. ಇನ್ನೂರ ನಲವತ್ತು. ಒಂದು ತುದಿಯಲ್ಲಿ ಎರಡು ಸುಳಿಗಳು ಪಕ್ಕಕ್ಕೆ ಸರಿದವು. ಅಕ್ಕ ಮುಂದಕ್ಕೆ ಬಾಗಿದಳು.

"ಮೇಷ್ಟ್ರು ತಲೆ ತಿಂದುಬಿಟ್ರು ಅಕ್ಕಾ!" ಗುಬ್ಬಿ ಬಾಗಿಲು ನೂಕಿಕೊಂಡು ಬಂದಳು. "ಅಕ್ಷರ ಇನ್ನೂ ದಪ್ಪ ಇರ್ಬೇಕಂತೆ. ಕೇಳೋಕೆ ಬರೋರೆಲ್ಲ ಕಣ್ಣು ಕಾಣ್ದಿರೋ ಮುದುಕರಂತೆ, ತಾವೊಬ್ರು ಎಳೇ ಹುಡುಗ ನೋಡಿ..." ತೆರೆ ನೋಡಿ ಮಾತು ನಿಲ್ಲಿಸಿದಳು. "ಅದು ನನ್ನ ಚೂರಾ?"

"ಪೇಸ್ಟ್ ಹಿಡಿದಿರ್ಲಿಲ್ಲ. ಅಲ್ಲಾಡ್ತಿತ್ತು."

ಗುಬ್ಬಿಯ ಮುಖ ಬಿಳಿಚಿಕೊಂಡಿತು. "ಅಂದ್ರೆ... ಇನ್ನೂರು ಅಂದಿದ್ದೆಲ್ಲ ಸುಳ್ಳಾ? ಶುಕ್ರವಾರ ಏನಂತ ಹೇಳ್ಲಿ ಅಕ್ಕಾ?"

ಅಕ್ಕನಿಗೆ ಆ ಮುಖವನ್ನು ಇನ್ನೊಂದು ಗಳಿಗೆ ನೋಡಬೇಕೆನಿಸಿತು, ನೋಡಿದಳು.

"ಈಗ ಎಷ್ಟಿದೆ?" ಗುಬ್ಬಿಯ ದನಿ ಸಣ್ಣದಾಗಿತ್ತು.

"ಇನ್ನೂರ ನಲವತ್ತು."

"ಸುಳಿ?"

ಅಕ್ಕ ಬೆಂಚಿನ ಮೇಲೆ ಅರ್ಧ ಜಾಗ ಬಿಟ್ಟು ಸರಿದಳು. ಗುಬ್ಬಿ ಒತ್ತಿಕೊಂಡು ಕೂತು, ತೆರೆಗೆ ಬೆರಳಿಟ್ಟು ಒಂದು, ಎರಡು, ಮೂರು ಎಂದು ಬಾಯಲ್ಲೇ ಎಣಿಸತೊಡಗಿದಳು. ಅಕ್ಕನೂ ಜೊತೆಗೆ ಎಣಿಸಿದಳು. ಅವಳ ಬಲಗೈ ಮಾತ್ರ ಇನ್ನೂ ಗುಂಡಿಯ ಮೇಲೇ ಇತ್ತು.