ಫುಟ್‌ವಾಲ್ ಮುಳುಗಿದೆಯೇ

ಚಿಕ್ಕಮಗಳೂರಿನಲ್ಲಿ ಚಾರಣದ ಕಂಪನಿ ನಡೆಸುವ ಅರ್ಚನಾ ಫೋನಿನಲ್ಲಿ ನೇರವಾಗಿಯೇ ಹೇಳಿದ್ದಳು: ಹೊಳೆದಂಡೆಯಲ್ಲಿ ಒಂದು ಕ್ಯಾಂಪ್ ನೀನೇ ಮಾಡಿ ತೋರಿಸು, ಸರಿಹೋದರೆ ಆ ಕಡೆಯ ಕ್ಯಾಂಪುಗಳೆಲ್ಲ ನಿನಗೆ. ಗಗನಾಗೆ ಆ ಕೆಲಸ ಬೇಕೇ ಬೇಕಿತ್ತು. ಡಿಗ್ರಿ ಮುಗಿಸಿ ಬಣಕಲ್ ಹತ್ತಿರದ ಮನೆಯಲ್ಲಿ ಕೂತು, ಬಂದುಹೋಗುವ ನೆಂಟರಿಗೆ ಕಾಫಿ ಕೊಟ್ಟು ಅವಳಿಗೆ ಸಾಕಾಗಿತ್ತು.

ಮಳೆಯಿಲ್ಲ, ರಕ್ತ ಹೀರುವ ಇಂಬಳದ ಕಾಟವಿಲ್ಲ ಎಂದು ಮಾರ್ಚ್ ತಿಂಗಳನ್ನು ಆರಿಸಿದಳು. ಹಗಲು ದೇವರಮನೆ ಗುಡ್ಡ ಹತ್ತುವುದು, ಸಂಜೆ ಇಳಿದು ಬಂದು ತಮ್ಮ ಕಾಫಿ ತೋಟದ ಕೆಳಗಿನ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂರುವುದು, ರಾತ್ರಿ ದಂಡೆಯ ಮೇಲೆ ಟೆಂಟು. ಅರಣ್ಯ ಇಲಾಖೆಯ ಅನುಮತಿಯಾಯಿತು. ಆನೆ ಎಲ್ಲಿದೆ ಎಂದು ವಿಚಾರಿಸಿದ್ದಾಯಿತು. ಅಕ್ಕಿರೊಟ್ಟಿ ಮಾಡಿಕೊಡಲು ತೋಟದ ಆಳುಗಳ ಲೈನುಮನೆಯ ಮುತ್ತಮ್ಮ ಒಪ್ಪಿದಳು. ಡಿಸೆಂಬರಿನಲ್ಲಿ ತೆಗೆದಿದ್ದ ಹೊಳೆಯ ವೀಡಿಯೊ ನೋಡಿ ಅರ್ಚನಾಳೂ ಮೆಚ್ಚಿದಳು.

ಕ್ಯಾಂಪಿಗೆ ವಾರವಿದೆ ಎನ್ನುವಾಗ, ಟೆಂಟಿನ ಜಾಗ ನೋಡಲು ಮಧ್ಯಾಹ್ನ ಕೆಳಗಿಳಿದಳು. ಹೊಳೆಯೇ ಇರಲಿಲ್ಲ. ಕಲ್ಲುಗಳ ಸಂದಿಯಲ್ಲಿ ಒಂದಷ್ಟು ಗುಂಡಿ ನೀರು. ಎರಡೂ ದಂಡೆಯಿಂದ ಅದಕ್ಕೆ ಬಾಯಿಟ್ಟ ಕಪ್ಪು ಪೈಪುಗಳು. ಮೇಲಿನ ತೋಟಗಳಲ್ಲೆಲ್ಲ ಸ್ಪ್ರಿಂಕ್ಲರಿನ ಚಟಚಟ ಸದ್ದು. ಕಾಫಿ ಹೂವಾಗಲು ನೀರು ಹೊಡೆಯುವ ಕಾಲ ಅದು, ಮತ್ತು ಮೊದಲ ಪೈಪು ಅವರ ಮನೆಯದೇ.

ಅವಳಿಗೆ ಗೊತ್ತಿರಬೇಕಾದ ಸಂಗತಿಯೇ. ಪ್ರತಿ ಮಾರ್ಚಿನಲ್ಲೂ ಅಪ್ಪ ವೆಂಕಟೇಶ ಹತ್ತು ಸಲ ಕೇಳುವ ಪ್ರಶ್ನೆ ಒಂದೇ: "ಫುಟ್‌ವಾಲ್ ಮುಳುಗಿದ್ಯಾ?" ನೀರೆಳೆಯುವ ಪೈಪಿನ ತುದಿ ಅದು, ಮುಳುಗದಿದ್ದರೆ ಮೋಟರು ಗಾಳಿ ಎಳೆಯುತ್ತದೆ. ಆ ಪ್ರಶ್ನೆ ಕೇಳುತ್ತಲೇ ಬೆಳೆದವಳು, ಅದು ಹೊಳೆಯ ಸುದ್ದಿ ಎಂದು ಮಾತ್ರ ಒಮ್ಮೆಯೂ ಯೋಚಿಸಿರಲಿಲ್ಲ.

"ಅಪ್ಪ, ಕ್ಯಾಂಪಿನ ದಿನ ಮಧ್ಯಾಹ್ನ ಮೋಟರ್ ನಿಲ್ಸಿ."

"ಹೂವಿನ ನೀರು ನಿಲ್ಸೋದಾ? ಪೇಟೆಯವ್ರು ಬಂದು ಕಾಲು ತೊಳ್ಕೊಳ್ಳೋಕೆ?" ವೆಂಕಟೇಶ ತಟ್ಟೆಯಿಂದ ತಲೆ ಎತ್ತಲಿಲ್ಲ. "ನಮ್ದು ನಿಲ್ಸಿದ್ರೆ ಆಯ್ತಾ ಮಾರಾಯ್ತಿ? ಮೇಲ್ಗಡೆ ತೋಟದ ಸುಬ್ಬಣ್ಣಂದು ಯಾರು ನಿಲ್ಸ್ತಾರೆ? ಜೂನ್‌ನಲ್ಲಿ ಇಟ್ಕೋ ನಿನ್ನ ಕ್ಯಾಂಪು, ಹೊಳೆನೇ ಟೆಂಟೊಳಗೆ ಬರುತ್ತೆ."

ಸಾರು ಬಡಿಸುತ್ತಿದ್ದ ಅಮ್ಮ ಸಾವಿತ್ರಮ್ಮ, "ರಾತ್ರಿ ತ್ರೀ ಫೇಸ್ ಕರೆಂಟ್ ಇರಲ್ಲ, ಯಾರ ಮೋಟರೂ ಓಡಲ್ಲ. ಬೆಳಿಗ್ಗೆ ಹೋಗಿ ನೋಡೇ, ಹೊಳೆ ಇರುತ್ತೆ," ಎಂದರು. "ನೀನು ಬೆಳಿಗ್ಗೆ ಅನ್ನೋದನ್ನ ನೋಡಿದ್ರೆ ತಾನೇ!"

ಮರುದಿನ ಬೆಳಕು ಹರಿಯುತ್ತಿದ್ದಂತೆಯೇ ಇಳಿದಳು. ಹೊಳೆ ಇತ್ತು. ವೀಡಿಯೊದಲ್ಲಿದ್ದಷ್ಟಲ್ಲ, ಮೊಣಕಾಲುದ್ದ. ನೆಟ್‌ವರ್ಕ್ ಸಿಗುವ ಬಂಡೆ ಹತ್ತಿ ಅರ್ಚನಾಗೆ ವೀಡಿಯೊ ಕಾಲ್ ಮಾಡಿ ಫೋನನ್ನು ನೀರಿನ ಕಡೆ ತಿರುಗಿಸಿದಳು.

"ಚೆನ್ನಾಗಿದೆಯಲ್ಲೇ," ಎಂದಳು ಅರ್ಚನಾ.

ಅಷ್ಟರಲ್ಲಿ ಮೋಟರು ಗುಡುಗಿತು.

"ಅದೇನು ಸದ್ದು?"

ಟ್ರ್ಯಾಕ್ಟರ್ ಎನ್ನಬಹುದಿತ್ತು. ಮಾತು ಬಾಯಿಗೂ ಬಂದಿತ್ತು. ಆದರೆ ಕ್ಯಾಂಪಿಗೆ ಬಂದವರು ಗುಡ್ಡ ಇಳಿದು ಟವೆಲ್ ಹಿಡಿದು ಈ ಕಲ್ಲುಗಳ ಮುಂದೆಯೇ ನಿಲ್ಲುತ್ತಾರೆ.

"ನಮ್ಮ ಮೋಟರ್. ಕರೆಂಟ್ ಬಂತು. ಇನ್ನು ರಾತ್ರಿವರೆಗೂ ಹೊಳೆ ತೋಟದಲ್ಲಿರುತ್ತೆ."

"ಮತ್ತೆ ಆ ವೀಡಿಯೊ?"

"ಡಿಸೆಂಬರ್‌ದು. ಮಾರ್ಚಲ್ಲಿ ಹೀಗಾಗುತ್ತೆ ಅಂತ ನಂಗೆ ಹೊಳೀಲೇ ಇಲ್ಲ."

"ಹೊಳೆ ಪಕ್ಕದಲ್ಲೇ ಹುಟ್ಟಿದ್ದೀಯ, ಹೊಳೀಲಿಲ್ವಾ!"

ಗಗನಾ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. "ಮೊದಲ ದಿನ ಗುಡ್ಡ, ರಾತ್ರಿ ಟೆಂಟು. ಮಾರನೇ ದಿನ ಬೆಳಗಾಗ್ತಿದ್ದ ಹಾಗೇ ಎಲ್ರನ್ನೂ ಎಬ್ಬಿಸಿ ನೀರಿಗಿಳಿಸ್ತೀನಿ. ಕರೆಂಟ್ ಬರೋದ್ರೊಳಗೆ ಮುಗಿಸ್ತೀನಿ."

ಅರ್ಚನಾ ಷರತ್ತು ಹಾಕಿದಳು. "ಬರೋರಿಗೆ ಇವತ್ತೇ ಹೇಳು, ಹೊಳೆ ಬೆಳಿಗ್ಗೆ ಮಾತ್ರ ಅಂತ. ಅರ್ಧ ಜನ ಉಳಿದ್ರೂ ನಡೆಸು. ಮುಂದಿನ ಕ್ಯಾಂಪುಗಳ ಮಾತು ಆಮೇಲೆ."

ಫೋನ್ ಕಟ್ಟಾಯಿತು. ಗಗನಾ ಬಂಡೆಯ ಮೇಲೆ ಕೂತು ಕ್ಯಾಂಪಿಗೆ ಹೆಸರು ಕೊಟ್ಟವರ ಗ್ರೂಪಿಗೆ ಮೆಸೇಜು ಟೈಪು ಮಾಡತೊಡಗಿದಳು. ಮೊದಲ ಸಾಲು ಬರೆಯುವಷ್ಟರಲ್ಲಿ ಕೆಳಗಿನ ಕಲ್ಲೊಂದರ ನೆತ್ತಿ ಹೊರಬಿದ್ದಿತ್ತು.

ಪಂಪ್‌ಹೌಸಿನಿಂದ ಅಪ್ಪನ ಕೂಗು ಬಂತು. "ಗಗನಾ! ಅಲ್ಲೇ ಇದ್ದೀಯಲ್ಲ, ನೋಡೇ, ಫುಟ್‌ವಾಲ್ ಮುಳುಗಿದ್ಯಾ?"

ಅವಳು ಬಗ್ಗಿ ನೋಡಿದಳು.

"ಸದ್ಯಕ್ಕೆ ಮುಳುಗಿದೆ!" ಎಂದು ಕೂಗಿ, ಮತ್ತೆ ಟೈಪು ಮಾಡಿದಳು.